ಗೇಟು ಬಿದ್ದ ಮೇಲೆ

ರಾತ್ರಿ ಒಂಬತ್ತಕ್ಕೆ ಮೇಲುಕಾಮನಹಳ್ಳಿಯಲ್ಲಿ ಗೇಟು ಬೀಳುತ್ತದೆ. ಅಲ್ಲಿಂದಾಚೆಗೆ ಬಂಡೀಪುರ. 2009ರಿಂದ ಈಚೆಗೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಈ ರಸ್ತೆ ಕಾಡಿನದು. ಅದಕ್ಕೇ ಎಂಟು ಗಂಟೆಯ ಮೇಲೆ ಗುಂಡ್ಲುಪೇಟೆ ಕಡೆಯಿಂದ ಊಟಿಯ ಕಾರುಗಳು ಒಂದರ ಬೆನ್ನಿಗೊಂದು ಓಡುತ್ತವೆ. ಹಂಗಳ ದಾಟಿದ ಮೇಲಂತೂ ಬ್ರೇಕನ್ನೇ ಮುಟ್ಟುವುದಿಲ್ಲ. ಒಂಬತ್ತೂಕಾಲಕ್ಕೆ ಬಂದು ನೋಡಿದರೆ ಅದೇ ಡಾಂಬರಿನ ಮೇಲೆ ಊರ ನಾಯಿಗಳು ಕಾಲು ಚಾಚಿ ಮಲಗಿರುತ್ತವೆ.

ರಸ್ತೆ ಸುಮ್ಮನಾದ ಮೇಲೆ ನಮ್ಮ ದೊಡ್ಡವ್ವನ ಹಟ್ಟಿಯಲ್ಲಿ ಇನ್ನೊಂದು ಸದ್ದು ಕಿವಿಗೆ ಬೀಳುತ್ತದೆ. ಒಂದಲ್ಲ, ಎರಡು. ಮಂಚದ ಕಾಲ ಬಳಿ, ಗಾಲಿಗಳ ಮೇಲೆ ನಿಂತ ಆಕ್ಸಿಜನ್ ಕಾನ್ಸಂಟ್ರೇಟರ್ ಗುರ್ರೆನ್ನುತ್ತ ಆಗಾಗ ‘ಫುಸ್’ ಎಂದು ನಿಟ್ಟುಸಿರು ಬಿಡುತ್ತದೆ. ಗೋಡೆಯ ಗೂಡಿನಲ್ಲಿ, ಹಿಂದೆ ಬುಡ್ಡಿ ದೀಪ ಇಡುತ್ತಿದ್ದ ಜಾಗದಲ್ಲಿ, ಊಟದ ಡಬ್ಬಿಯಷ್ಟಿರುವ ಬೈಪ್ಯಾಪ್ ಕೂತಿದೆ. ಅದರ ಸದ್ದು ಮೆತ್ತಗೆ: ಏರುತ್ತದೆ, ಇಳಿಯುತ್ತದೆ. ಗೂಡಿನ ಮೇಲಂಚಿಗೆ ಹಳೆಯ ದೀಪದ ಮಸಿ ಇನ್ನೂ ಮೆತ್ತಿಕೊಂಡಿದೆ. ಅತ್ತಿಗೆ ಎಷ್ಟು ಸುಣ್ಣ ಬಳಿದರೂ ಅದು ಒಳಗಿನಿಂದ ಮತ್ತೆ ಮೂಡುತ್ತದೆ.

ಮಾಸ್ಕ್ ಹಾಕುವುದು ಅತ್ತಿಗೆಯ ಕೆಲಸ. ಮೊದಲು ಒದ್ದೆ ಬಟ್ಟೆಯಿಂದ ದೊಡ್ಡವ್ವನ ಮುಖ ಒರೆಸುತ್ತಾರೆ, ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದಿದ್ದರೆ ಮಾಸ್ಕ್ ಜಾರುತ್ತದೆ ಎಂದು. ಹಲ್ಲಿಲ್ಲದ ಬಾಯಿ, ಒಳಗೆ ಸೇದಿಕೊಂಡ ಕೆನ್ನೆ, ಅಲ್ಲಿಂದಲೇ ಗಾಳಿ ಸೋರುವುದು. ಮಾಸ್ಕಿನ ಸಿಲಿಕೋನ್ ಅಂಚನ್ನು ಗಲ್ಲದ ಮೇಲೆ ಕೂರಿಸಿ, ನಾಲ್ಕು ಪಟ್ಟಿಗಳನ್ನು ತುರುಬಿನ ಕೆಳಗೂ ಮೇಲೂ ಎಳೆದು, ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡುತ್ತಾರೆ. ಬೆರಳು ಆಡಿದರೆ ಸರಿ. ಬಿಗಿದರೆ ಮೂಗಿನ ದಿಂಡಿನ ಮೇಲೆ ಹುಣ್ಣಾಗುತ್ತದೆ. ಆದದ್ದೂ ಉಂಟು.

ಮಾಸ್ಕಿಗೆ ದೊಡ್ಡವ್ವ ಇಟ್ಟ ಹೆಸರು ಕುಕ್ಕೆ. ಒಕ್ಕಣೆಯಲ್ಲಿ ತುಳಿಯುವ ಎತ್ತು ಕಾಳಿಗೆ ಬಾಯಿ ಹಾಕದಿರಲಿ ಎಂದು ಮೂತಿಗೆ ಕಟ್ಟುವ ಬಲೆ. ಮೊದಲ ದಿನ ಆಕೆ ಅಂದದ್ದು, “ಎತ್ತಿಗೆ ಕಟ್ಟೋ ಕುಕ್ಕೆಯ ನಂಗೆ ಕಟ್ಬುಟ್ರಲ್ಲ ಮಗ.” ಆವತ್ತಿನಿಂದ ಮನೆಮಂದಿಗೆಲ್ಲ ಅದು ಕುಕ್ಕೆಯೇ. ಮೊಮ್ಮಗಳು ಪಿಯುಸಿ ಓದುತ್ತಾಳೆ, ಯಂತ್ರದ ಪುಸ್ತಕದಲ್ಲಿರುವ ಪದಗಳೆಲ್ಲ ಅವಳಿಗೆ ಬಾಯಿಪಾಠ. ಅವಳೂ “ಅಜ್ಜೀ, ಕುಕ್ಕೆ ಹಾಕಂಡ್ಯಾ?” ಎಂದೇ ಕೇಳುತ್ತಾಳೆ.

ಆ ಕುಕ್ಕೆಗಾಗಿ ಮೂಗುಬೊಟ್ಟು ಹೋಯಿತು. ಕೆಂಪು ಹರಳಿನದು, ಮದುವೆಗೆ ಮುಂಚೆ ತವರಿನಲ್ಲಿ ಚುಚ್ಚಿಸಿದ್ದು. ಹರಳಿನ ಮೊನೆ ಸಿಲಿಕೋನಿಗೆ ತಾಗಿ ಅಂಚು ಕೂರುತ್ತಿರಲಿಲ್ಲ, ಗಾಳಿಯೆಲ್ಲ ಕಣ್ಣಿಗೆ ಬೀಸುತ್ತಿತ್ತು, ಬೆಳಿಗ್ಗೆ ಕಣ್ಣು ಕೆಂಪಾಗಿ ಉರಿಯುತ್ತಿತ್ತು. ತಿರುಪು ಬಿಚ್ಚೋಣವೆಂದರೆ ಐವತ್ತೈದು ವರ್ಷ ಅಲುಗದೆ ಕೂತ ತಿರುಪು. ಕೊನೆಗೆ ಗುಂಡ್ಲುಪೇಟೆಯ ಆಚಾರರು ಒಬ್ಬರು ಸಣ್ಣ ಕತ್ತರಿಯಲ್ಲಿ ಹಿಂದಿನ ಕಡ್ಡಿ ಕತ್ತರಿಸಿ ತೆಗೆದುಕೊಟ್ಟರು. ದೊಡ್ಡವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಒಳನರಕ್ಕೆ ಸೂಜಿ ಹಾಕಿ ರಕ್ತ ತೆಗೆದಾಗ ಒಂದು ಹನಿ ಕಣ್ಣೀರು ಹಾಕದವಳು ಆ ದಿನ ಬಸ್ಸಿನಲ್ಲಿ ಕೂತು ಊರು ಬರುವ ತನಕ ಅತ್ತಳಂತೆ. ಅತ್ತಿಗೆ ಇದನ್ನು ನನಗೆ ಹೇಳಿದ್ದು ಹಿತ್ತಲಲ್ಲಿ ನಿಂತು, ದನಿ ತಗ್ಗಿಸಿ.

ಈ ಸ್ಥಿತಿಗೆ ಬಂದದ್ದು ಹೇಗೆ? ಬೀಡಿ ಸೇದಿದವಳಲ್ಲ. ಹತ್ತು ವರ್ಷದ ಹುಡುಗಿಯಾಗಿ ಒಲೆಯ ಮುಂದೆ ಕೂತವಳು ಮೊನ್ನೆ ಮೊನ್ನೆಯವರೆಗೂ ಎದ್ದಿರಲಿಲ್ಲ. ಹಸಿ ಸೌದೆ, ಹತ್ತಿಕಡ್ಡಿ, ಬೆರಣಿ. ಮಳೆಗಾಲದಲ್ಲಿ ಹೊಗೆ ಹೊರಗೆ ಹೋಗುವುದಿಲ್ಲ, ಅಡುಗೆಮನೆಯಲ್ಲೇ ಕಟ್ಟುತ್ತದೆ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಕಂಡು ಮಾತಾಡಿಸಿ, ಪರೀಕ್ಷೆ ಮಾಡಿ ಮೈಸೂರಿನ ಶ್ವಾಸಕೋಶ ತಜ್ಞ ಡಾ. ಪಿ.ಎ. ಮಹೇಶ್ ಮತ್ತು ಅವರ ಸಂಗಡಿಗರು 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿದ್ದರು. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಬೇಕು. ಗುಣಲಬ್ಧ 60 ದಾಟಿದ ಹೆಂಗಸರಲ್ಲಿ ತೀರದ ಕೆಮ್ಮು ಕಫದ ಕಾಯಿಲೆ ಎದ್ದು ಕಂಡಿತು. ದೊಡ್ಡವ್ವನ ಲೆಕ್ಕವನ್ನು ನಾನು ಆಕೆಯ ಮಂಚದ ಮೇಲೆ ಕೂತೇ ಮಾಡಿದೆ. ದಿನಕ್ಕೆ ನಾಲ್ಕು ಗಂಟೆ, ಐವತ್ತು ವರ್ಷ. 200. ಬಾಣಂತನಗಳಲ್ಲಿ ಎದ್ದು ಕೂತ ದಿನಗಳನ್ನೂ ಕಳೆಯುವ ಹಾಗಿಲ್ಲ, ನೀರೊಲೆ ಆಗಲೂ ಅವಳದ್ದೇ.

ಅವಳು ಲೆಕ್ಕ ಕೇಳಿಸಿಕೊಂಡಳು. ಹೊಗೆಗಂಡಿಯ ಕಡೆ ನೋಡಿ ಅಂದಳು: “ಆಗ ನಾನು ಕೊಳ್ವೇಲಿ ಒಲೆಗೆ ಊದ್ತಿದ್ದೆ. ಈಗ ಕೊಳ್ವೆ ನಂಗೆ ಊದ್ತದ. ಅಷ್ಟೇ ಕನ ಮಗ.”

ಉಜ್ವಲ ಯೋಜನೆ ಬಂದದ್ದು 2016ರಲ್ಲಿ. ಗ್ಯಾಸು ಈ ಹಟ್ಟಿಗೂ ಬಂತು. ಅಷ್ಟರಲ್ಲಿ ಎದೆ ಹೋಗಿತ್ತು.

ಎದೆ ಹೋಗುವುದು ಗೊತ್ತಾಗುವ ಹಾಗೆ ಹೋಗುವುದಿಲ್ಲ. ಮೊದಲು ಏದುಸಿರು, ಅದು ವಯಸ್ಸಿಗೆ ಸೇರಿತು. ಆಮೇಲೆ ಬೆಳಗಿನ ತಲೆನೋವು. ಎದ್ದೊಡನೆ ತಲೆಗೆ ಟವೆಲು ಬಿಗಿದುಕೊಂಡು ಗೋಡೆಗೊರಗಿ ಕೂರುತ್ತಿದ್ದಳು. ಬಿಸಿಲೇರಿದ ಮೇಲೆ ಬಿಡುತ್ತಿತ್ತು. ಹಗಲಿನಲ್ಲಿ ಕೂತಲ್ಲೇ ತೂಕಡಿಕೆ, ಅವರೆ ಸುಲಿಯುತ್ತ ಸುಲಿಯುತ್ತ ಮೊರದ ಮೇಲೆ ಕೈಯಿಟ್ಟು ನಿದ್ದೆ. ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸಿದರು. ಬಿ.ಪಿ. ಎಂದು ಮಾತ್ರೆ ನುಂಗಿಸಿದರು. ಆಗುತ್ತಿದ್ದದ್ದು ಬೇರೆ. ದಣಿದ ಎದೆಗೂಡು ಒಳಗಿನ ಕೆಟ್ಟ ಗಾಳಿಯನ್ನು ಪೂರ್ತಿ ಹೊರಗೆ ತಳ್ಳಲಾರದೆ, ಇಂಗಾಲದ ಡೈಆಕ್ಸೈಡು ರಕ್ತದಲ್ಲೇ ಉಳಿಯುತ್ತಿತ್ತು. ಅದು ಮಿದುಳಿಗೆ ಮಂಪರು. ನಿದ್ದೆಯಲ್ಲಿ ಇನ್ನೂ ಹೆಚ್ಚು, ಏಕೆಂದರೆ ಕನಸು ಬೀಳುವ ಹೊತ್ತಿಗೆ ಮೈಯ ಸ್ನಾಯುಗಳೆಲ್ಲ ಸಡಿಲಾಗಿ, ಉಸಿರಾಟದ ಭಾರವೆಲ್ಲ ಎದೆಯ ತಳದ ವಪೆಯೊಂದರ ಮೇಲೇ ಬೀಳುತ್ತದೆ. ನಮ್ಮ ನಿಮ್ಮ ರಕ್ತದಲ್ಲಿ ಆ ಅನಿಲದ ಒತ್ತಡ 35ರಿಂದ 45ರ ಒಳಗೆ ಇರುತ್ತದೆ. ಮೈಸೂರಿನಲ್ಲಿ ದೊಡ್ಡವ್ವನಿಗೆ ಬಂದದ್ದು 71. ಹದಿನೈದು ದಿನ ವಾರ್ಡಿನಲ್ಲಿದ್ದು ಮನೆಗೆ ಬಂದು, ಒಂದು ತಿಂಗಳಿಗೆ ಮತ್ತೆ ನೋಡಿದಾಗಲೂ 58. ಮನೆಯಲ್ಲೇ ಯಂತ್ರ ಬೇಕು ಎಂದು ಡಾಕ್ಟರು ಹೇಳಿದ್ದು ಆವತ್ತು. ಒಂದು ಹಸು, ಆ ವರ್ಷದ ಅರಿಶಿನದ ದುಡ್ಡು, ಅತ್ತಿಗೆಯ ಸಂಘದ ಸಾಲ, ಇಷ್ಟು ಸೇರಿ ಎರಡು ಪೆಟ್ಟಿಗೆಗಳು ಬಂದವು.

ಎರಡಕ್ಕೂ ಊರಿನವರು ಹೇಳುವುದು ‘ಆಕ್ಸಿಜನ್ ಮಿಷನ್ನು’ ಎಂದೇ. ಅವೆರಡೂ ಬೇರೆ ಬೇರೆ ಎಂಬುದನ್ನು ಬಿಡಿಸಿ ಹೇಳುವುದು ನನಗೆ ಮುಖ್ಯ. ಕಾನ್ಸಂಟ್ರೇಟರ್ ಒಂದು ಜರಡಿ. ನಾವು ಉಸಿರಾಡುವ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿನ ಸಾರಜನಕವನ್ನು ಜಿಯೋಲೈಟ್ ಎಂಬ ಹರಳಿನ ಪುಡಿಯಲ್ಲಿ ತಡೆದು, ಉಳಿದ ಆಮ್ಲಜನಕವನ್ನು ಕೊಳವೆಗೆ ಬಿಡುತ್ತದೆ. ಆ ‘ಫುಸ್’ ಎನ್ನುವುದು ತಡೆದ ಸಾರಜನಕವನ್ನು ಹೊರಗೆ ಚೆಲ್ಲುವ ಸದ್ದು. ಬೈಪ್ಯಾಪ್ ಜರಡಿಯಲ್ಲ, ಕುಲುಮೆಯ ತಿದಿ. ಒಳಗೆಳೆದುಕೊಳ್ಳುವಾಗ ದೊಡ್ಡ ಒತ್ತಡದಲ್ಲಿ ಗಾಳಿ ತಳ್ಳುತ್ತದೆ, ಬಿಡುವಾಗ ಸಣ್ಣ ಒತ್ತಡಕ್ಕೆ ಇಳಿಯುತ್ತದೆ. ದೊಡ್ಡವ್ವನಿಗೆ ಇಟ್ಟಿರುವುದು 18 ಮತ್ತು 6, ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ. ಅವಳು ಉಸಿರೆಳೆಯಲು ಹೊರಟಳೆಂದರೆ ಅದಕ್ಕೆ ತಿಳಿಯುತ್ತದೆ, ಕೈ ಜೋಡಿಸುತ್ತದೆ. ಎಳೆಯುವುದನ್ನೇ ಮರೆತರೆ ತಾನಾಗಿ ಒಂದು ಉಸಿರು ಕೊಡುತ್ತದೆ. ಕೆಟ್ಟ ಗಾಳಿಯನ್ನು ತೆಗೆಯುವುದು ಈ ತಿದಿ. ಜರಡಿಯ ಕೈಯಲ್ಲಿ ಅದು ಆಗದು.

ಇದು ತಿಳಿಯದೆ ಒಮ್ಮೆ ಪ್ರಾಣಕ್ಕೇ ಬಂದಿತ್ತು. ಎದುರು ಹಟ್ಟಿಯ ಮುದುಕಪ್ಪ ನೋಡಲು ಬಂದವರು, ದೊಡ್ಡವ್ವ ಏದುತ್ತಿರುವುದನ್ನು ಕಂಡು ಕರುಳು ಚುರಕ್ಕೆಂದು, ಕಾನ್ಸಂಟ್ರೇಟರಿನ ಗುಬುಟು ತಿರುಗಿಸಿದರು. ಗಾಜಿನ ಕೊಳವೆಯೊಳಗಿನ ಸಣ್ಣ ಗುಂಡು 1ರಿಂದ 4ಕ್ಕೆ ಏರಿತು. ಬೆರಳಿಗೆ ಸಿಕ್ಕಿಸಿದ ಮೀಟರು 98 ತೋರಿಸಿತು. ಎಲ್ಲರಿಗೂ ಸಂತೋಷ. ಒಂದು ಗಂಟೆಯಲ್ಲಿ ದೊಡ್ಡವ್ವ ಕರೆದರೆ ಓ ಎನ್ನಲಿಲ್ಲ, ಕಟಬಾಯಿಯಿಂದ ಜೊಲ್ಲು. ಇಂಥ ಎದೆಗೆ ಆಮ್ಲಜನಕ ಅತಿಯಾದರೆ ಕೆಟ್ಟ ಗಾಳಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಅವಳಿಗೆ 88ರಿಂದ 92 ಇದ್ದರೆ ಅದೇ ಆರೋಗ್ಯ. ಅತ್ತಿಗೆ ಮೈಸೂರಿನ ನರ್ಸಿಗೆ ಫೋನು ಮಾಡಿ, ಗುಂಡು ಇಳಿಸಿ, ಕುಕ್ಕೆ ಕಟ್ಟಿ, ಆಂಬುಲೆನ್ಸ್ ಬರುವ ತನಕ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದರು. ಈಗ ಆ ಗುಬುಟಿನ ಮೇಲೆ ಬಿಳಿ ಪ್ಲಾಸ್ಟರು ಅಡ್ಡಡ್ಡ ಅಂಟಿದೆ. ಅದರ ಮೇಲೆ ಬಾಲ್ ಪೆನ್ನಿನಲ್ಲಿ ‘ಮುಟ್ಟಬೇಡಿ’. ಬರಹ ಮೊಮ್ಮಗಳದ್ದು. ಮುದುಕಪ್ಪ ಈಗಲೂ ಬರುತ್ತಾರೆ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಅವರನ್ನು ಹಾಗೆ ನೋಡುವುದು ನನಗೆ ಕಷ್ಟ.

ಮಾಸ್ಕಿನ ಮೂತಿಯಲ್ಲಿ ಸೂಜಿತೂತುಗಳ ಒಂದು ಸಾಲಿದೆ, ಬಿಟ್ಟ ಉಸಿರು ಹೋಗುವ ದಾರಿ. ಗಾಳಿ ಸೋರುತ್ತಿದೆ ಎಂದು ಅದನ್ನೂ ಯಾರೋ ಮೇಣದಿಂದ ಮುಚ್ಚಲು ಹೊರಟಿದ್ದರು. ಬೈಪ್ಯಾಪಿನ ಹಿಂಭಾಗದಲ್ಲಿ ಬೆರಳಗಲದ ಸ್ಪಂಜು, ಫಿಲ್ಟರು. ವಾರಕ್ಕೊಮ್ಮೆ ಅತ್ತಿಗೆ ಅದನ್ನು ಬಿಡಿಸಿ ತೊಳೆಯುತ್ತಾರೆ. ನಾನಿದ್ದ ದಿನ ತೊಳೆಯುವ ಸರದಿ. ಬಿಳಿಯದಾಗಿ ಹಾಕಿದ್ದು ಬೂದಿ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಹಿಂಡಿದರೆ ಚೊಂಬಿನ ನೀರು ಕಪ್ಪಾಯಿತು. ಗ್ಯಾಸು ಬಂದರೂ ಸ್ನಾನದ ಹಂಡೆಗೆ ಎಲ್ಲ ಹಟ್ಟಿಗಳಲ್ಲೂ ತೆಂಗಿನ ಗರಿಯ ಒಲೆಯೇ. ಸಂಜೆ ಆ ಹೊಗೆ ಬೀದಿಯ ಮೇಲೆ ಹಾಸಿಕೊಳ್ಳುತ್ತದೆ. ಅತ್ತಿಗೆ ಆ ಕಪ್ಪು ನೀರನ್ನು ನನ್ನ ಕಡೆ ಹಿಡಿದು ತೋರಿಸಿ, ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಅವರಿಗೂ ಈಗ ಮೂವತ್ತೆಂಟು.

ಆಷಾಢ. ಹೊರಗೆ ಚೆಂಡು ಹೂವಿನ ಹೊಲಗಳು ಹಳದಿ ಕೆಂಪಾಗಿ ಹೊಳೆಯುವ ಕಾಲ. ಊಟಿಗೆ ಹೋಗುವವರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ದೊಡ್ಡವ್ವನ ಮನೆಯವರಿಗೆ ಆಷಾಢವೆಂದರೆ ಗಾಳಿ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಎಲ್ಲೋ ಒಂದು ಕೊಂಬೆ ತಂತಿಗೆ ತಾಗುತ್ತದೆ, ಕರೆಂಟು ಹೋಗುತ್ತದೆ.

ನಾನಿದ್ದ ರಾತ್ರಿ ಹೋದದ್ದು ಹನ್ನೊಂದೂ ಇಪ್ಪತ್ತಕ್ಕೆ. ಮೊದಲು ಕಾನ್ಸಂಟ್ರೇಟರ್ ಕೀಂ ಎಂದು ಕೂಗಿತು. ನಾನು ಬ್ಯಾಟರಿ ಹುಡುಕುವಷ್ಟರಲ್ಲಿ ಅತ್ತಿಗೆ ಎದ್ದಾಗಿತ್ತು. ಕತ್ತಲಲ್ಲೇ ಅವರ ಕೈ ಕೊಳವೆಯ ಮೇಲೆ ಜರುಗಿ, ಕಾನ್ಸಂಟ್ರೇಟರಿನಿಂದ ಅದನ್ನು ಕಿತ್ತು, ಮೂಲೆಯ ಸಣ್ಣ ಸಿಲಿಂಡರಿಗೆ ಸಿಕ್ಕಿಸಿ, ಕೀಲಿ ತಿರುಗಿಸಿತು. ಬೈಪ್ಯಾಪ್ ಮಾತ್ರ ಉಸಿರು ತಪ್ಪದೆ ನಡೆದಿತ್ತು, ಅದು ಇನ್ವರ್ಟರಿನ ಮೇಲಿದೆ. ಇದು ಈ ಮನೆಯವರು ಪೆಟ್ಟು ತಿಂದು ಕಲಿತ ಗಣಿತ. ಕಾನ್ಸಂಟ್ರೇಟರ್ 350 ವಾಟ್ ನುಂಗುತ್ತದೆ, 150 ಎ.ಎಚ್. ಬ್ಯಾಟರಿಯ ಮೇಲೆ ಹಾಕಿದರೆ ಮೂರು ಗಂಟೆ ಕಳೆಯುವಷ್ಟರಲ್ಲಿ ಎಲ್ಲವೂ ಬರಿದು. ಬೈಪ್ಯಾಪ್ ಒಂದಕ್ಕೆ ಬಿಟ್ಟರೆ ಅದೇ ಬ್ಯಾಟರಿ ಇಡೀ ರಾತ್ರಿ ಸಾಕಿ ಮಿಗುತ್ತದೆ. 1500 ಲೀಟರಿನ ಬಿ ಟೈಪ್ ಸಿಲಿಂಡರು, ನಿಮಿಷಕ್ಕೆ 1 ಲೀಟರಿನಂತೆ, ಒಂದು ಹಗಲು ಒಂದು ರಾತ್ರಿಗೆ ಬರುತ್ತದೆ. ಕರೆಂಟು, ಬ್ಯಾಟರಿ ಎರಡೂ ಕೈಕೊಟ್ಟು ಬೈಪ್ಯಾಪೇ ನಿಂತರೆ ಮೊದಲು ಮಾಡಬೇಕಾದದ್ದು ಕುಕ್ಕೆ ಬಿಚ್ಚುವುದು, ಇಲ್ಲವಾದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅತ್ತಿಗೆ ಇದನ್ನೆಲ್ಲ ಬೆರಳು ಮಡಚಿ ಹೇಳಿದರು.

ಅಷ್ಟರಲ್ಲಿ ಅವರ ಫೋನು ಒಮ್ಮೆ ರಿಂಗಾಗಿ ನಿಂತಿತು. ಅಣ್ಣನದು. ಜೋಳಕ್ಕೆ ಆನೆ ಬರುತ್ತದೆಂದು ಆತ ಹೊಲದ ಅಟ್ಟಣೆಯ ಮೇಲೆ ಕಾವಲಿಗೆ ಕೂತಿರುತ್ತಾನೆ. ಅಲ್ಲಿಂದ ಊರಿನ ದೀಪಗಳು ಆರಿದ್ದು ಕಂಡರೆ ಒಂದು ಮಿಸ್ಡ್ ಕಾಲ್. ಸಿಲಿಂಡರಿಗೆ ಬದಲಿಸಿ ಆದ ಮೇಲೆ ಅತ್ತಿಗೆ ತಿರುಗಿ ಒಂದು ಮಿಸ್ಡ್ ಕಾಲ್. ಎರಡು ಬಂದರೆ ಮಾತ್ರ ಆತ ಇಳಿದು ಓಡಿ ಬರುವುದು. ಒಂದು ರಿಂಗು ಕೊಟ್ಟು ಅತ್ತಿಗೆ ಫೋನು ಮಗುಚಿಟ್ಟರು. ಕತ್ತಲಲ್ಲಿ ದೊಡ್ಡವ್ವನ ಎದೆ ಏರುವುದನ್ನೂ ಇಳಿಯುವುದನ್ನೂ ಕಿವಿಯಿಂದಲೇ ನೋಡುತ್ತ ಕೂತೆವು. ಎರಡು ಗಂಟೆಗೆ ಕರೆಂಟು ಬಂತು.

ಕರೆಂಟಿನ ಬಿಲ್ಲಿನದು ಇನ್ನೊಂದು ನೋವು. ಕಾನ್ಸಂಟ್ರೇಟರ್ ದಿನಕ್ಕೆ 15 ಗಂಟೆ ಓಡಿದರೆ ಐದು ಯೂನಿಟ್ಟಿಗೂ ಮೇಲೆ, ತಿಂಗಳಿಗೆ ಸುಮಾರು 157. ಗೃಹಜ್ಯೋತಿಯ ಮಿತಿ ಹಾಕಿದ್ದು ಹಳೆಯ ಬಳಕೆಯ ಸರಾಸರಿಯ ಮೇಲೆ, ಅಂದರೆ ಈ ಯಂತ್ರ ಇಲ್ಲದಿದ್ದ ಕಾಲದ ಎರಡು ಬಲ್ಬು, ಒಂದು ಟಿ.ವಿ.ಯ ಲೆಕ್ಕದ ಮೇಲೆ. 200 ದಾಟಿತೆಂದರೆ ಪೂರ್ತಿ ಬಿಲ್ಲು ಕಟ್ಟಬೇಕು. ಉಸಿರಿಗಾಗಿ ಉರಿದ ಯೂನಿಟ್ಟುಗಳನ್ನು ಬೇರೆ ಎಣಿಸುವ ಒಂದು ಕಾಲಂ ಆ ಬಿಲ್ಲಿನಲ್ಲಿ ಇರಬೇಕು. ಇದನ್ನು ಎಷ್ಟು ಜೋರಾಗಿ ಹೇಳಲು ಸಾಧ್ಯವೋ ಅಷ್ಟು ಜೋರಾಗಿ ಹೇಳುತ್ತೇನೆ.

ಮಾರನೆಯ ದಿನ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋದೆ. ಚಾಮರಾಜೇಶ್ವರನ ತೇರಿನ ದಿನಗಳು. ಹೊಸದಾಗಿ ಮದುವೆಯಾದ ಜೋಡಿಗಳು ಹಣ್ಣು ಜವನ ಹಿಡಿದು ಗುಂಪುಗುಂಪಾಗಿ ನಡೆಯುತ್ತಿದ್ದವು. ಆ ಬೀದಿಗೆ ಕಿಟಕಿ ತೆರೆದ ಒಂದು ಮನೆಯಲ್ಲಿ ಇಪ್ಪತ್ತೊಂದು ವರ್ಷದ ಹುಡುಗ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಹನ್ನೊಂದಕ್ಕೆ ನಡಿಗೆ ನಿಂತಿತು, ಹದಿನೆಂಟಕ್ಕೆ ಎದೆಯ ಸ್ನಾಯುಗಳು ಸೋತವು. ದೊಡ್ಡವ್ವನದೇ ಪೆಟ್ಟಿಗೆ ಇವನ ತಲೆದಿಂಬಿನ ಬಳಿಯೂ ಇದೆ, ಆದರೆ ಪಕ್ಕದಲ್ಲಿ ಜರಡಿಯಿಲ್ಲ. ಇವನ ಶ್ವಾಸಕೋಶ ಚೆನ್ನಾಗಿದೆ, ಅದನ್ನು ಹಿಗ್ಗಿಸುವ ಬಲವಷ್ಟೇ ಇಲ್ಲ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಲೆಕ್ಕ ಇಟ್ಟವರು ಕಂಡದ್ದು: 1960ರ ದಶಕದಲ್ಲಿ ಈ ಕಾಯಿಲೆಯ ಹುಡುಗರು ಸರಾಸರಿ 14 ವರ್ಷ ಬದುಕುತ್ತಿದ್ದರು, 1990ರ ನಂತರ ರಾತ್ರಿಯ ವೆಂಟಿಲೇಟರ್ ಸಿಕ್ಕವರು 25. ಆ ಹನ್ನೊಂದು ವರ್ಷಗಳ ನಡುವೆ ಈ ಹುಡುಗ ಕೂತಿದ್ದಾನೆ. ಮೊಬೈಲಿನಲ್ಲಿ ಚದುರಂಗ ಆಡುತ್ತಾನೆ, ಹೆಬ್ಬೆರಳೊಂದೇ ಆಡುವುದು. ನನ್ನನ್ನು ಎರಡು ಆಟ ಸೋಲಿಸಿದ.

ಅವನ ತಾಯಿಯ ಮಂಚದ ಕೆಳಗೆ ಒಂದು ಆಂಬು ಬ್ಯಾಗ್ ಇದೆ, ಕೈಯಿಂದ ಅಮುಕಿ ಉಸಿರು ಕೊಡುವ ರಬ್ಬರ್ ಬುರುಡೆ. ಅದು ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಎದ್ದಾಗ ಯಂತ್ರಗಳು ಸಾಲದೆ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯರು ರೋಗಿಯ ಗಂಟಲಿಗೆ ಕೊಳವೆ ಹಾಕಿ ಚೀಲ ಅಮುಕುವ ದಾರಿ ತೋರಿಸಿದರು. ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಕೂತು ಅಮುಕಿದರು. ಕೆಲವೇ ವರ್ಷಗಳಲ್ಲಿ ಅದೇ ನಾಡಿನಲ್ಲಿ ಈ ಬುರುಡೆ ತಯಾರಾಯಿತು. ಇಲ್ಲಿ ಸರದಿಯಿಲ್ಲ. ಈ ತಾಯಿ ಒಮ್ಮೆ ನಲವತ್ತು ನಿಮಿಷ ಒಬ್ಬರೇ ಅಮುಕಿದ್ದಾರೆ.

“ಕೈ ಸೋಲಲಿಲ್ವಾ ಅಮ್ಮ?” ಎಂದೆ.

“ಸೋತದ್ದು ಆಮೇಲೆ ಗೊತ್ತಾಯ್ತು ಸ್ವಾಮಿ. ಅನ್ನದ ಪಾತ್ರೆ ಎತ್ತಕ್ಕಾಗ್ನಿಲ್ಲ.”

ಈ ಊರಿಗೆ ಉಸಿರಿನ ವಿಷಯ ತಮಾಷೆಯದಲ್ಲ. 2021ರ ಮೇ 2ರ ರಾತ್ರಿ, 3ರ ಬೆಳಗಿನ ಜಾವ, ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಮೊದಲು ಎಣಿಸಿದ್ದು 24 ಜನ. ಆಕ್ಸಿಜನ್ ಇಲ್ಲದೆ ಹೋದವರು 36 ಎಂದು ಹೈಕೋರ್ಟ್ ನೇಮಿಸಿದ ಸಮಿತಿ ಹೇಳಿತು. ಈ ತಾಯಿ ಮನೆಯಲ್ಲಿ ಸದಾ ಎರಡು ಬ್ಯಾಟರಿ ಇಟ್ಟಿರುವುದು ಆ ರಾತ್ರಿಯ ಮೇಲೆ. ಹೊರಗೆ ತೇರಿನ ಮೈಕು ಕೇಳುತ್ತಿತ್ತು. ಹುಡುಗ ಕಿಟಕಿ ಇನ್ನಷ್ಟು ತೆಗೆಯಲು ಹೇಳಿದ.

ರಾತ್ರಿ ಮತ್ತೆ ದೊಡ್ಡವ್ವನ ಹಟ್ಟಿಗೆ ಬಂದೆ. ಮನೆಯ ಯಂತ್ರದಿಂದ ಎಷ್ಟು ಪ್ರಯೋಜನ ಎಂದು ನನಗೂ ಅನುಮಾನವಿತ್ತು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಇಂಥದೇ ಎದೆಯ 195 ಜನರನ್ನು ಒಂದು ವರ್ಷ ಹಿಂಬಾಲಿಸಿ 2014ರಲ್ಲಿ ವರದಿ ಕೊಟ್ಟರು: ಯಂತ್ರವಿಲ್ಲದವರಲ್ಲಿ ಶೇ 33 ತೀರಿಕೊಂಡರು, ಇದ್ದವರಲ್ಲಿ ಶೇ 12. ದೊಡ್ಡವ್ವನ ವಿಷಯದಲ್ಲಿ ಅದಕ್ಕಿಂತ ಚಿಕ್ಕ ಅಳತೆ ಸಾಕು. ತಲೆಗೆ ಟವೆಲು ಕಟ್ಟುವುದು ನಿಂತಿದೆ. ಮೊರ ಹಿಡಿದರೆ ಅವರೆ ಪೂರ್ತಿ ಸುಲಿಯುತ್ತಾಳೆ.

ಬೆಳಿಗ್ಗೆ ಐದೂಮುಕ್ಕಾಲಿಗೆ ಮಂಜು. ಅಣ್ಣ ಅಟ್ಟಣೆಯಿಂದ ಬಂದು ಕಂಬಳಿ ಕೊಡವಿದ. ಆರಕ್ಕೆ ಗೇಟು ಎದ್ದಿತು, ಸ್ವಲ್ಪ ಹೊತ್ತಿಗೆ ಮೊದಲ ಲಾರಿಯ ಸದ್ದು ಬಂತು, ನಾಯಿಗಳು ರಸ್ತೆ ಬಿಟ್ಟೆದ್ದವು. ಅತ್ತಿಗೆ ಪಟ್ಟಿ ಸಡಿಲಿಸಿ ಕುಕ್ಕೆ ತೆಗೆದರು. ದೊಡ್ಡವ್ವನ ಕೆನ್ನೆಯ ಮೇಲೆ ಕೆಂಪು ಗೆರೆ, ಮೂಗಿನ ಪಕ್ಕ ಖಾಲಿ ತೂತು. ತೂತು ಮುಚ್ಚದಿರಲಿ ಎಂದು ಅತ್ತಿಗೆ ಬೇವಿನ ಕಡ್ಡಿಯೊಂದನ್ನು ಎಣ್ಣೆಯಲ್ಲದ್ದಿ ಅದರಲ್ಲಿ ಸಿಕ್ಕಿಸಿದರು. ಹಗಲೆಲ್ಲ ಅದಿರುತ್ತದೆ, ರಾತ್ರಿ ತೆಗೆಯುತ್ತಾರೆ.

“ಕಾಫಿ ಕಾಯ್ಸವ್ವ, ಮಗ ಹೊಂಡ್ತನ” ಎಂದಳು ದೊಡ್ಡವ್ವ.